ಪಿಯೋನಿ ಗಡ್ಡೆಯ ಪೊಟ್ಟಣ: ಧಾರವಾಡದ ಹಿತ್ತಲಿಗೆ ತರಿಸಬಹುದೇ?

ಆನ್‌ಲೈನ್ ಅಂಗಡಿಗಳಲ್ಲಿ ಪಿಯೋನಿ ಹೆಸರಿನಲ್ಲಿ ಮೂರು ಬಗೆಯ ಸರಕು ಸಿಗುತ್ತದೆ: ಬೀಜದ ಪೊಟ್ಟಣ, ‘ಬಲ್ಬ್’ ಎಂದು ಕರೆಯುವ ಗಡ್ಡೆ, ಮತ್ತು ಕುಂಡದಲ್ಲಿ ಚಿಗುರಿದ ಸಸಿ. ಮೂರರ ಮೇಲೂ ಅದೇ ಚಿತ್ರ. ಅಂಗೈ ತುಂಬುವ ಗುಲಾಬಿ ಬಣ್ಣದ ಹೂ, ಒಳಗೆ ಎಣಿಸಲಾಗದಷ್ಟು ಎಸಳು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೀಜ ಬೇಡ. ಸಸಿಯೂ ಬೇಡ. ಗಡ್ಡೆಯನ್ನು ಕೊಳ್ಳಬಹುದು, ಆದರೆ ಪ್ರತಿ ವರ್ಷ ಎರಡು ತಿಂಗಳು ಫ್ರಿಜ್‌ನಲ್ಲಿ ಅದಕ್ಕೆ ಜಾಗ ಕೊಡುವವರು ಮತ್ತು ಮೊದಲ ವರ್ಷ ಹೂವಿನ ಆಸೆ ಬಿಡುವವರು ಮಾತ್ರ. ಐದು ಅಂಕಕ್ಕೆ ಗಡ್ಡೆಗೆ ಎರಡು. ಗಡ್ಡೆ ಕೆಟ್ಟದ್ದೆಂದು ಅಂಕ ಕಳೆದಿಲ್ಲ. ಪೊಟ್ಟಣದ ಮೇಲೆ ‘ಎಲ್ಲ ಹವಾಮಾನಕ್ಕೂ ಸೂಕ್ತ’ ಎಂದು ಬರೆದಿರುವುದಕ್ಕೆ ಕಳೆದಿದೆ. ಆ ಮಾತು ಸುಳ್ಳು.

ಪಿಯೋನಿ ಚಳಿನಾಡಿನ ಗಿಡ. ನಮ್ಮ ದೇಶದಲ್ಲೇ ಅದರ ಒಂದು ಜಾತಿ, ಪಿಯೋನಿಯಾ ಎಮೋಡಿ, ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಎತ್ತರದ ಕಾಡುಗಳಲ್ಲಿ ತಾನಾಗಿ ಬೆಳೆಯುತ್ತದೆ. ಯುನಾನಿ ಔಷಧಿಯಲ್ಲಿ ‘ಊದ್ ಸಲೀಬ್’ ಎನ್ನುವ ಬೇರು ಪಿಯೋನಿಯದ್ದೇ. (ಬೇರು ಮಾರುವ ಅಂಗಡಿಯಿಂದ ಅದನ್ನು ತಂದು ನೆಡಬೇಡಿ. ಪೂರ್ತಿ ಒಣಗಿಸಿದ ಬೇರು, ಚಿಗುರುವುದಿಲ್ಲ.) ತೋಟಕ್ಕೆಂದು ಮಾರುವುದು ಹೆಚ್ಚಾಗಿ ಪಿಯೋನಿಯಾ ಲ್ಯಾಕ್ಟಿಫ್ಲೋರಾ. ಚಳಿಗಾಲ ಬಂದರೆ ಇದರ ದಂಟೆಲ್ಲ ಒಣಗಿ, ಗಡ್ಡೆ ಮಣ್ಣೊಳಗೆ ನಿದ್ದೆಗೆ ಜಾರುತ್ತದೆ. ಆ ನಿದ್ದೆ ಬಿಡಬೇಕಾದರೆ ಗಡ್ಡೆಯ ಕಣ್ಣಿಗೆ (ಚಿಗುರೊಡೆಯುವ ಮೊನೆಗೆ) ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ, ತಳಿಗೆ ತಕ್ಕಂತೆ 500ರಿಂದ 1000 ಗಂಟೆ, ತಾಗಬೇಕು. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದ್ದರೂ ಇಲ್ಲಿಯ ಮಾಗಿಯ ರಾತ್ರಿಗಳು ಸಾಮಾನ್ಯವಾಗಿ 12ರಿಂದ 15 ಡಿಗ್ರಿಯಲ್ಲಿ ನಿಲ್ಲುತ್ತವೆ. ತೀರಾ ಚಳಿ ಬಿದ್ದ ರಾತ್ರಿ 10ರ ಹತ್ತಿರ ಬಂದೀತು. ಪಿಯೋನಿಯ ಲೆಕ್ಕದಲ್ಲಿ ನಮ್ಮ ಚಳಿಗಾಲ ಬರೀ ಸೊನ್ನೆ.

ಚಳಿ ಸಿಗದ ಗಡ್ಡೆ ಸಾಯುವುದಿಲ್ಲ, ಅದರಿಂದಲೇ ಮೋಸ ಹೋಗುವುದು. ಐದು ಕಣ್ಣಿನಲ್ಲಿ ಒಂದೋ ಎರಡೋ ಒಡೆದು, ತೆಳ್ಳಗಿನ ದಂಟು, ನಾಲ್ಕು ಎಲೆ ಬರುತ್ತವೆ. ಗಿಡ ಹತ್ತಿತು ಎಂದು ಖುಷಿಯಾಗುತ್ತದೆ, ಅಂಗಡಿಗೆ ಐದು ನಕ್ಷತ್ರವೂ ಬೀಳುತ್ತದೆ. ಆಮೇಲೆ ಎರಡು ಮೂರು ವರ್ಷ ಅದೇ ನಾಲ್ಕು ಎಲೆ. ಆನ್‌ಲೈನ್‌ನಲ್ಲಿ ಕಾಣುವ ಒಳ್ಳೆಯ ಅಭಿಪ್ರಾಯಗಳಲ್ಲಿ ಬಹಳಷ್ಟು ‘ಚಿಗುರಿದೆ’ ಎನ್ನುವಲ್ಲಿಗೇ ನಿಲ್ಲುತ್ತವೆ. ಹೂವಿನ ಫೋಟೊ ಹಾಕಿದವರಿದ್ದರೆ ಅವರ ಊರು ಯಾವುದೆಂದು ನೋಡಿ.

ಇನ್ನು ಬೀಜದ ವಿಷಯ. ನಿಜವಾದ ಪಿಯೋನಿ ಬೀಜ ಮೆಣಸಿನ ಕಾಳಿಗಿಂತ ದಪ್ಪ, ಬಟಾಣಿಯ ಹತ್ತಿರಕ್ಕೆ ಬರುವ ಗಾತ್ರ, ಕಪ್ಪು ಬಣ್ಣ, ಹೊಸದಾಗಿದ್ದರೆ ಹೊಳಪು. ಪೊಟ್ಟಣ ಬಿಚ್ಚಿದಾಗ ಪುಡಿಯಂಥ ಸಣ್ಣ ಕಾಳು ಬಿದ್ದರೆ ಅದು ಪಿಯೋನಿ ಅಲ್ಲ, ಅನುಮಾನವೇ ಬೇಡ. ನೀಲಿ ಪಿಯೋನಿ, ಕಾಮನಬಿಲ್ಲಿನ ಪಿಯೋನಿ ಎಂದು ಮಾರುವುದೂ ಸುಳ್ಳೇ. ನೀಲಿ ಬಣ್ಣದ ಪಿಯೋನಿ ಜಗತ್ತಿನಲ್ಲೇ ಇಲ್ಲ. ಬೀಜ ಅಸಲಿಯೇ ಆಗಿದ್ದರೂ ಅದಕ್ಕೆ ಎರಡು ನಿದ್ದೆ. ಮೊದಲು ಎರಡು ಮೂರು ತಿಂಗಳು ಬೆಚ್ಚಗಿದ್ದು ಬೇರು ಬಿಡಬೇಕು, ನಂತರ ಎರಡು ಮೂರು ತಿಂಗಳು ಚಳಿಯಲ್ಲಿದ್ದು ಚಿಗುರು ಬಿಡಬೇಕು. ಹೂ ಬರಲು ಚಳಿನಾಡಿನಲ್ಲೇ ನಾಲ್ಕೈದು ವರ್ಷ. ಅಷ್ಟಾದರೂ ಚಿತ್ರದಲ್ಲಿರುವ ಹೂ ಬರುವುದಿಲ್ಲ, ಏಕೆಂದರೆ ಹೆಸರುಳ್ಳ ತಳಿಗಳನ್ನು ಗಡ್ಡೆ ಸೀಳಿಯೇ ಬೆಳೆಸುವುದು.

ಬೀಜದಲ್ಲಿ ಇನ್ನೊಂದು ಅಪಾಯವಿದೆ, ಗಮನವಿಟ್ಟು ಓದಿ. ವಿದೇಶಿ ಜಾಲತಾಣಗಳಲ್ಲಿ ‘ಪಿಯೋನಿ ಪಾಪಿ’ ಎಂಬ ಬೀಜ ಸಿಗುತ್ತದೆ. ಹೂ ಪಿಯೋನಿಯಂತೆ ಕಂಡರೂ ಗಿಡ ಗಸಗಸೆಯದ್ದು, ಅಂದರೆ ಅಫೀಮಿನ ಗಿಡ. ಪರವಾನಗಿ ಇಲ್ಲದೆ ಅದನ್ನು ಬೆಳೆಸುವುದು ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ. ಅಂಗಳದಲ್ಲಿ ಅಂದಕ್ಕೆ ಒಂದೇ ಗಿಡ ಇಟ್ಟೆ ಎಂದರೂ ಕಾನೂನಿಗೆ ಅದು ಅಫೀಮಿನ ಗಿಡವೇ. ‘ಪಾಪಿ’ ಎಂಬ ಪದ ಕಂಡರೆ ಮುಟ್ಟಬೇಡಿ.

ಈಗ ಗಡ್ಡೆಗೆ ಬರೋಣ. ಪೊಟ್ಟಣ ಕೈಗೆ ಬಂದ ದಿನವೇ ಬಿಚ್ಚಿ, ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಳ್ಳೆಯ ಪೊಟ್ಟಣವೆಂದರೆ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಚೀಲ, ಅದರೊಳಗೆ ಕೈಗೆ ತಂಪೆನಿಸುವ ಆದರೆ ಹಿಂಡಿದರೆ ನೀರು ಬಾರದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಪೀಟ್, ನಡುವೆ ಗಡ್ಡೆ. ಕೊಕೊಪೀಟ್ ಕೊಡವಿ ಗಡ್ಡೆಯನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಗೆಣಸಿನಂಥ ಕಂದು ಬೇರುಗಳು ಒಂದು ಗಂಟಿನಿಂದ ಇಳಿಬಿದ್ದಿರುತ್ತವೆ. ಆ ಗಂಟಿನ ನೆತ್ತಿಯಲ್ಲಿ, ಚೂಪು ಮಾಡಿದ ಪೆನ್ಸಿಲ್ ತುದಿಯಷ್ಟು, ತುಸು ಕೆಂಪು ಬೆರೆತ ಬಿಳಿ ಮೊನೆಗಳು ಕಾಣುತ್ತವೆ. ಅವೇ ಕಣ್ಣು. ಕಬ್ಬಿನ ಕಣ್ಣನ್ನು ನೋಡಿದವರಿಗೆ ಗುರುತಿಸುವುದು ಕಷ್ಟವಲ್ಲ. 3ರಿಂದ 5 ಕಣ್ಣಿದ್ದರೆ ಅದು ಮಾರುಕಟ್ಟೆಯ ಸರಿಯಾದ ಅಳತೆ. ಒಂದೇ ಕಣ್ಣಿದ್ದರೆ ಹೂ ಇನ್ನೂ ಎರಡು ವರ್ಷ ದೂರ ಹೋಗುತ್ತದೆ, ಅಂಥದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ.

ಹೆಬ್ಬೆರಳಿನಿಂದ ಬೇರನ್ನು ಒತ್ತಿ ನೋಡಿ. ಹಸಿ ಗೆಣಸಿನಂತೆ ಗಟ್ಟಿಯಾಗಿರಬೇಕು. ಮೇಲೆ ಹಸಿರು-ಬೂದು ಬೂಷ್ಟು ಇದ್ದು, ಬಟ್ಟೆಯಿಂದ ಒರೆಸಿದರೆ ಹೋಗಿ, ಕೆಳಗೆ ಗಟ್ಟಿಯಿದ್ದರೆ ಚಿಂತೆಯಿಲ್ಲ. ಒತ್ತಿದಲ್ಲಿ ಬೆರಳು ಇಳಿದು ಹುಳಿ ವಾಸನೆ ಬಂದರೆ ಕೊಳೆತಿದೆ. ಬೇರಿನ ಒಂದು ತುದಿ ಮಾತ್ರ ಹಾಗಿದ್ದರೆ, ಹರಿತವಾದ ಚಾಕುವಿನಿಂದ ಬಿಳಿ ತಿರುಳು ಸಿಗುವವರೆಗೆ ಕತ್ತರಿಸಿ, ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ನೆರಳಲ್ಲಿ ಒಂದು ದಿನ ಆರಿಸಿದರೆ ಉಳಿಯುತ್ತದೆ. ನೆತ್ತಿಯ ಗಂಟೇ ಮೆತ್ತಗಾಗಿದ್ದರೆ ವಿಡಿಯೊ ಕಳಿಸಿ ಹಣ ವಾಪಸು ಕೇಳಿ.

ಬೇರೆ ಗಡ್ಡೆ ಬಂದಿರುವುದೂ ಉಂಟು. ಬೆರಳ ಗಾತ್ರಕ್ಕಿಂತ ಚಿಕ್ಕದಾಗಿ, ಹಕ್ಕಿಯ ಕಾಲಿನ ಉಗುರುಗಳ ಗೊಂಚಲಿನಂತಿದ್ದರೆ ಅದು ರನನ್ಕ್ಯುಲಸ್ ಎಂಬ ಬೇರೆ ಹೂಗಿಡ. ತೆಳ್ಳಗಿನ ಕೊರಳಿನಿಂದ ದಪ್ಪ ಹೊಟ್ಟೆಯ ಗಡ್ಡೆಗಳು ತೂಗುತ್ತಿದ್ದು ಕೆಂಪು ಮೊನೆಗಳಿಲ್ಲದಿದ್ದರೆ ಡೇರೆ (ಡೇಲಿಯಾ). ಈರುಳ್ಳಿಯಂತೆ ಪದರ ಪದರವಾಗಿದ್ದರೆ ಏನೇ ಇರಲಿ, ಪಿಯೋನಿಯಲ್ಲ. ಪಿಯೋನಿಗೆ ಬಲ್ಬ್ ಎಂಬುದೇ ಇಲ್ಲ. ‘ಬಲ್ಬ್’ ಎಂದು ಬರೆಯುವ ಅಂಗಡಿಗೆ ತಾನು ಮಾರುವ ಸರಕಿನ ಪರಿಚಯ ಕಡಿಮೆ ಎಂದೇ ತಿಳಿಯಬೇಕು.

ತಳಿಯ ಆಯ್ಕೆ ಇಲ್ಲಿ ಬಹಳ ಮುಖ್ಯ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ‘ಸಾರಾ ಬರ್ನಾರ್ಡ್’, 1906ರ ಫ್ರೆಂಚ್ ತಳಿ. ಹೂ ಅಪರೂಪದ ಚೆಲುವಿನದು, ಆದರೆ ತಡವಾಗಿ ಅರಳುವ, ತುಂಬ ಎಸಳಿನ ತಳಿ. ಬಿಸಿಲು ಬೇಗ ಏರುವ ಊರಿಗೆ ಇದಕ್ಕಿಂತ ತಪ್ಪು ಆಯ್ಕೆ ಇಲ್ಲ. ಬೇಗ ಅರಳುವ, ಎಸಳು ಕಡಿಮೆಯಿರುವ ತಳಿ ಹುಡುಕಬೇಕು. ‘ಕೋರಲ್ ಚಾರ್ಮ್’ ಅಂಥದ್ದು. ತುಂಬು ಹೂವೇ ಬೇಕೆಂದರೆ 1851ರಿಂದ ಬೆಳೆಯುತ್ತಿರುವ ಬಿಳಿಯ ‘ಫೆಸ್ಟಿವಾ ಮ್ಯಾಕ್ಸಿಮಾ’ ವಾಸಿ. ದಂಟು ಒಣಗದೆ ಪೊದೆಯಾಗಿ ಉಳಿಯುವ ಮರಪಿಯೋನಿಗೆ ಚಳಿ ಸ್ವಲ್ಪ ಕಡಿಮೆ ಸಾಕು, ಆದರೆ ಅದಕ್ಕೆ ಹೆಸರಾದ ಚೀನಾದ ಲುವೊಯಾಂಗ್‌ನಲ್ಲೂ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ನಮಗೆ ಅದೂ ದೂರವೇ.

ಎಲ್ಲಕ್ಕಿಂತ ದೊಡ್ಡ ತೊಡಕು ದಿನಾಂಕದ್ದು. ಇದನ್ನು ಯಾವ ಪೊಟ್ಟಣವೂ ಹೇಳುವುದಿಲ್ಲ. ಫ್ರಿಜ್‌ನಿಂದ ಹೊರತೆಗೆದ ಗಡ್ಡೆ ಚಿಗುರಿ ಹೂ ಬಿಡಲು ಎಂಟರಿಂದ ಹತ್ತು ವಾರ ಬೇಕು. ಮೊಗ್ಗು ಬಲಿಯುವಾಗ ಹಗಲು 20-22 ಡಿಗ್ರಿ ಇದ್ದರೆ ಅದಕ್ಕೆ ಹಿತ; 28 ದಾಟಿ, ರಾತ್ರಿಯೂ ಬೆಚ್ಚಗಿದ್ದರೆ ಮೊಗ್ಗು ಕಾಳಿನಷ್ಟಿರುವಾಗಲೇ ಕಂದಾಗಿ ಒಣಗುತ್ತದೆ. ನಮ್ಮಲ್ಲಿ ಇರುವುದರಲ್ಲಿ ತಂಪಾದ ಕಾಲ ಡಿಸೆಂಬರ್-ಜನವರಿ, ಆಗಲೂ ಹಗಲು 28ರ ಆಸುಪಾಸು ಇರುತ್ತದೆ, ರಾತ್ರಿಯ ತಂಪೊಂದೇ ಆಸರೆ. ಹಾಗಾದರೆ ಹೂ ಜನವರಿ ಕೊನೆಗೆ ಬರಬೇಕು. ಅದಕ್ಕೆ ಡಿಸೆಂಬರ್ 1ರ ಹೊತ್ತಿಗೆ ಗಡ್ಡೆ ಕುಂಡದಲ್ಲಿರಬೇಕು, ಅಂದರೆ ಅಕ್ಟೋಬರ್ 1ಕ್ಕೇ ಫ್ರಿಜ್ ಸೇರಬೇಕು. ಆದರೆ ಚಳಿನಾಡುಗಳಲ್ಲಿ ಗಡ್ಡೆ ಅಗೆಯುವುದೇ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಅಲ್ಲಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ನವೆಂಬರ್ ಕಳೆದಿರುತ್ತದೆ, ಎಷ್ಟೋ ಸಲ ಫೆಬ್ರುವರಿ. ನವೆಂಬರ್ ಮಧ್ಯದಲ್ಲಿ ಬಂದದ್ದನ್ನು ಫ್ರಿಜ್‌ಗೆ ಇಟ್ಟರೆ ಜನವರಿ ಮಧ್ಯಕ್ಕೆ ಹೊರಗೆ, ಮೊಗ್ಗು ಮಾರ್ಚ್ ಮಧ್ಯಕ್ಕೆ. ಅಷ್ಟು ಹೊತ್ತಿಗೆ ಗದಗದ ಬಿಸಿಲು ಹೇಗಿರುತ್ತದೆಂದು ಹೇಳಬೇಕಿಲ್ಲ. ಆದ್ದರಿಂದ ಮೊದಲ ವರ್ಷ ಮೊಗ್ಗು ಬಂದರೂ ಚಿವುಟಿ, ಗಡ್ಡೆ ಬಲಿಯಲು ಬಿಡಿ. ಎಣಿಕೆ ಶುರುವಾಗುವುದು ಎರಡನೇ ಅಕ್ಟೋಬರ್‌ನಿಂದ.

ಫ್ರಿಜ್‌ನಲ್ಲಿ ಇಡುವ ಕ್ರಮ ಹೀಗೆ. ಒಂದು ಹಿಡಿ ಕೊಕೊಪೀಟನ್ನು ನೀರಲ್ಲಿ ನೆನೆಸಿ, ಬಿಗಿಯಾಗಿ ಹಿಂಡಿ, ಗಡ್ಡೆಯ ಸುತ್ತ ಮುಚ್ಚಿ, ಏಳೆಂಟು ತೂತು ಮಾಡಿದ ಚೀಲಕ್ಕೆ ಹಾಕಿ. ತರಕಾರಿ ಡ್ರಾಯರ್ ಬೇಡ. ಅಲ್ಲಿ ಉಷ್ಣತೆ ಹೆಚ್ಚು, ಹಣ್ಣೂ ಅಲ್ಲೇ ಇರುತ್ತದೆ. ಸೇಬು, ಚಿಕ್ಕು ಮುಂತಾದ ಹಣ್ಣು ಬಿಡುವ ಎಥಿಲೀನ್ ಅನಿಲ ಕಣ್ಣೊಳಗಿನ ಹೂಮೊಗ್ಗನ್ನು ಕೊಲ್ಲುತ್ತದೆ. ಎರಡು ತಿಂಗಳು ಆ ಫ್ರಿಜ್‌ನಲ್ಲಿ ಹಣ್ಣು ಇಡದಿದ್ದರೆ ಇನ್ನೂ ಒಳ್ಳೆಯದು. ನಡುವಿನ ತಟ್ಟೆಯಲ್ಲಿ, ಹಿಂದಿನ ಗೋಡೆಯಿಂದ ಎರಡು ಬೆರಳು ಈಚೆಗೆ ಇಡಿ. ಗೋಡೆಗೆ ತಾಗಿದರೆ ಹೆಪ್ಪುಗಟ್ಟುತ್ತದೆ. ಸಣ್ಣ ಥರ್ಮಾಮೀಟರ್ ಪಕ್ಕದಲ್ಲಿಟ್ಟು 2ರಿಂದ 5 ಡಿಗ್ರಿ ಇದೆಯೇ ನೋಡಿ. ವಾರಕ್ಕೊಮ್ಮೆ ಚೀಲ ಬಿಚ್ಚಿ ಬೂಷ್ಟು ನೋಡಬೇಕು, ಕೊಕೊಪೀಟ್ ಒಣಗಿದ್ದರೆ ನೀರು ಚಿಮುಕಿಸಬೇಕು. ಎರಡು ಮೂರು ಗಂಟೆ ಕರೆಂಟ್ ಹೋದರೆ ಬಾಗಿಲು ತೆಗೆಯದಿದ್ದರೆ ಸಾಕು. 60 ದಿನಕ್ಕೆ ಕಣ್ಣುಗಳು ಉಬ್ಬಿ, ಕೆಂಪು ಗಾಢವಾಗುತ್ತದೆ. ಆಗಲೇ ಹೊರತೆಗೆಯುವ ಸಮಯ.

ಕುಂಡದ ಮೇಲೆ ಮಂಜುಗಡ್ಡೆ ಸುರಿದರೆ ಚಳಿ ಸಿಗುತ್ತದೆ ಎಂಬ ಸಲಹೆ ಬಹಳ ಓಡಾಡುತ್ತಿದೆ. ಮಂಜು ಕರಗಿ ಸ್ವಲ್ಪ ಹೊತ್ತಿನಲ್ಲೇ ಮಣ್ಣು ಮೊದಲಿನ ಉಷ್ಣತೆಗೆ ಬರುತ್ತದೆ. ಗಡ್ಡೆಗೆ ಸಿಗುವುದು ಚಳಿಯಲ್ಲ, ಕೊಳೆಸುವ ನೀರು.

ಸ್ವಲ್ಪ ಸಹಾಯ ಮಾಡುವ ಒಂದು ವಸ್ತು ಜಿಬ್ಬರೆಲಿಕ್ ಆಮ್ಲ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರು ಗೊನೆ ಉದ್ದವಾಗಲು ಬಳಸುವ ಅದೇ ‘ಜಿಎ’. ಒಂದು ಗ್ರಾಂ ಪುಡಿಯನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ 10 ಲೀಟರ್ ನೀರಿಗೆ ಬೆರೆಸಿದರೆ 100 ಪಿಪಿಎಂ ಆಗುತ್ತದೆ. ಫ್ರಿಜ್‌ನಿಂದ ತೆಗೆದು ನೆಟ್ಟ ಮೇಲೆ, ಕಣ್ಣು ಏಳುವ ಹೊತ್ತಿಗೆ, ಗಿಡಕ್ಕೆ 250 ಮಿಲಿಲೀಟರ್‌ನಂತೆ ಒಂದೇ ಸಲ ಬುಡಕ್ಕೆ ಹಾಕಬೇಕು. ಇದು ಚಳಿಯ ಕೊರತೆಯನ್ನು ಒಂದಿಷ್ಟು ತುಂಬುತ್ತದೆ, ಚಳಿಯ ಜಾಗದಲ್ಲಿ ನಿಲ್ಲುವುದಿಲ್ಲ. ಹೆಚ್ಚು ಹಾಕಿದರೆ ದಂಟು ಸೊರಗಿ ಬಾಗುತ್ತದೆ.

ನೆಡುವುದಕ್ಕೆ ನೆಲ ಬೇಡ, ಕುಂಡವೇ ಸರಿ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ಅಣ್ಣಿಗೇರಿ, ಗದಗದ ಎರಿ ಭೂಮಿ ಮಳೆಯಲ್ಲಿ ನೀರು ಹಿಡಿದು, ಬೇಸಿಗೆಯಲ್ಲಿ ಬಿರಿಯುತ್ತದೆ, ಕ್ಷಾರವೂ ಹೆಚ್ಚು. ಪಿಯೋನಿಗೆ ಬೇಕಾದದ್ದು 6.5ರಿಂದ 7ರ ಪಿಎಚ್. ಧಾರವಾಡದ ಪಶ್ಚಿಮದ ಮಸಾರಿ ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಪೂರ್ತಿ ಕಳಿತ ಎರೆಹುಳು ಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಬದನೆ, ಟೊಮೆಟೊ ಬೆಳೆದ ಮಡಿಯ ಮಣ್ಣು ತರಬೇಡಿ, ಬೇರುಗಂಟು ಜಂತುಹುಳು ಜೊತೆಗೇ ಬರುತ್ತದೆ. ಹಸಿ ಸಗಣಿ ತಾಗಿದರೆ ಕಣ್ಣು ಕೊಳೆಯುತ್ತದೆ. ಕುಂಡ 16 ಇಂಚು ಅಗಲ, ಅಷ್ಟೇ ಆಳ, ತಳದಲ್ಲಿ ಕನಿಷ್ಠ ಐದು ತೂತು.

ಆಳದಲ್ಲಿ ತಪ್ಪುವವರೇ ಹೆಚ್ಚು. ಪೊಟ್ಟಣದ ಹಿಂದೆ ‘5 ಸೆಂ.ಮೀ. ಆಳ’ ಎಂದಿರುತ್ತದೆ. ಅದು ಮಂಜು ಬೀಳುವ ಊರಿನ ಲೆಕ್ಕ. ಇಲ್ಲಿ ಕಣ್ಣಿನ ಮೇಲೆ ಒಂದರಿಂದ ಎರಡು ಸೆಂ.ಮೀ. ಮಣ್ಣು ಸಾಕು. ಹೆಚ್ಚು ಆಳಕ್ಕೆ ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ನೆಟ್ಟು ನೀರು ಹಾಕಿದ ಮೇಲೆ ಗಡ್ಡೆ ಕುಸಿಯುತ್ತದೆ, ಆದ್ದರಿಂದ ಮಾರನೆಯ ದಿನ ಬೆರಳಿಟ್ಟು ಮತ್ತೊಮ್ಮೆ ಅಳೆಯಿರಿ.

ಬೆಳಗಿನ ನಾಲ್ಕೈದು ಗಂಟೆಯ ಎಳೆಬಿಸಿಲು ಬೀಳುವ ಪೂರ್ವದ ಅಂಗಳ ಒಳ್ಳೆಯದು. ಪಶ್ಚಿಮದ ಗೋಡೆ, ತಾರಸಿಯ ಸಿಮೆಂಟು ಎರಡೂ ಬೇಡ. ಗದಗ ಕಡೆಯ ಗಡಸು ಬೋರ್ ನೀರಿನಿಂದ ಎಲೆ ಹಳದಿಯಾಗುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ. ಬೇಸಿಗೆಯಲ್ಲಿ ಎಲೆ ಸುಟ್ಟರೂ ಕತ್ತರಿಸಬೇಡಿ, ಉಳಿದ ಹಸಿರೇ ಗಡ್ಡೆಯನ್ನು ಬೆಳೆಸುವುದು. ಜೂನ್‌ನಿಂದ ಕುಂಡ ಸೂರಿನಡಿ ಇರಲಿ. ನಮ್ಮಲ್ಲಿ ಪಿಯೋನಿ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಮಳೆಗೆ. ಬುಡದಲ್ಲಿ ದಂಟು ಕಪ್ಪಾಗಿ ಜೋತುಬಿದ್ದರೆ, ಮೊಗ್ಗಿನ ಮೇಲೆ ಬೂದು ಬೂಷ್ಟು ಕಂಡರೆ ಅದು ಬೋಟ್ರೈಟಿಸ್ ಎಂಬ ಶಿಲೀಂಧ್ರ ರೋಗ. ಆ ದಂಟನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಮನೆಯಿಂದ ದೂರ ಎಸೆದು, ಉಳಿದುದಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಬೇಕು. ಮೊಗ್ಗಿನ ಮೇಲೆ ಇರುವೆ ಹರಿದಾಡಿದರೆ ಬಿಟ್ಟುಬಿಡಿ, ಸಿಹಿ ರಸಕ್ಕೆ ಬರುತ್ತವೆ, ಕೇಡಿಲ್ಲ.

ಸೆಪ್ಟೆಂಬರ್ ಎರಡನೇ ವಾರದಿಂದ ನೀರು ತಗ್ಗಿಸಿ, ತಿಂಗಳ ಕೊನೆಗೆ ದಂಟು ಕತ್ತರಿಸಿ, ಗಡ್ಡೆ ಎತ್ತಿ, ತೊಳೆದು, ಅರ್ಧ ದಿನ ನೆರಳಲ್ಲಿ ಆರಿಸಿ ಮತ್ತೆ ಫ್ರಿಜ್‌ಗೆ. ಪಿಯೋನಿಗೆ ಹೀಗೆ ವರ್ಷ ವರ್ಷ ಬುಡ ಅಲುಗಿಸುವುದು ಹಿಡಿಸುವುದಿಲ್ಲ, ಪ್ರತಿ ಸಲ ಒಂದಿಷ್ಟು ಸೊರಗುತ್ತದೆ. ಹಳೆಯ ಫ್ರಿಜ್ ಒಂದು ಬಿಡುವಾಗಿದ್ದರೆ, ಕುಂಡವನ್ನೇ ಒಳಗಿಡುವುದು ಇದಕ್ಕೆ ಮದ್ದು. ಆಗ ಎರಡಲ್ಲ, ಮೂರು ಅಂಕ ಕೊಡಬಹುದು.

ಕುಂಡದ ಸಸಿಗೆ ಯಾಕೆ ಬೇಡ ಎಂದೆವು? ಚಿಗುರಿದ ಸಸಿ ಎಂದರೆ ನಿದ್ದೆ ಮುಗಿದ ಗಡ್ಡೆ. ಅದು ಮೂರು ನಾಲ್ಕು ದಿನ ಕೊರಿಯರ್ ಡಬ್ಬದ ಕತ್ತಲಲ್ಲಿ, ಬಿಸಿಯಲ್ಲಿ ಬಂದರೆ ಚಿಗುರೆಲ್ಲ ಬಿಳಿಚಿ ಮುರಿಯುತ್ತದೆ. ಆ ವರ್ಷಕ್ಕೆ ಮತ್ತೊಂದು ಚಿಗುರು ಬರುವ ಖಾತ್ರಿ ಇಲ್ಲ. ದುಡ್ಡು ಮಾತ್ರ ಗಡ್ಡೆಗಿಂತ ಹೆಚ್ಚು.

ಇಷ್ಟೆಲ್ಲ ಓದಿ, ಬೇಕಾಗಿರುವುದು ಅಂಗೈ ತುಂಬುವ ಹೂ ಅಷ್ಟೇ ಎನಿಸಿದರೆ, ಅದೇ ದುಡ್ಡಿಗೆ ಊರಿನ ನರ್ಸರಿಯಲ್ಲಿ ನಾಲ್ಕು ಡೇರೆ ಸಸಿ ತನ್ನಿ. ಡೇರೆಗೆ ಐದಕ್ಕೆ ಐದು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೇರು ಬಿಟ್ಟ ಸಸಿ ನೆಟ್ಟು, ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ, ಪಕ್ಕಕ್ಕೆ ಆನಿಕೆ ಕೋಲು ಕೊಡಿ. ಪ್ರತಿ ಟಿಸಿಲಿನಲ್ಲಿ ನಡುಮೊಗ್ಗು ಉಳಿಸಿ ಅದರ ಎರಡೂ ಪಕ್ಕದ ಮೊಗ್ಗು ಬಟಾಣಿಯಷ್ಟಿರುವಾಗಲೇ ತೆಗೆದರೆ, ಡಿಸೆಂಬರ್-ಜನವರಿಯಲ್ಲಿ ದೊಡ್ಡ ತಳಿಗಳ ಹೂ ಊಟದ ತಟ್ಟೆಯಷ್ಟಾಗುತ್ತದೆ. ಚೆಂಡಿನಂಥ ಸಣ್ಣ ಹೂ ಸಾಕೆನ್ನುವವರಿಗೆ ಆಸ್ಟರ್ ಇದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಹೊರತಂದ ‘ಅರ್ಕಾ ಕಾಮಿನಿ’ಯ ಗಾಢ ಗುಲಾಬಿ, ‘ಅರ್ಕಾ ಪೂರ್ಣಿಮಾ’ದ ಬಿಳಿ ಎರಡೂ ನಮ್ಮ ಬಯಲುಸೀಮೆಯಲ್ಲಿ ಸಲೀಸಾಗಿ ಬರುತ್ತವೆ.

ಗಡ್ಡೆಯೇ ಬೇಕೆಂದು ನಿಶ್ಚಯಿಸಿದವರು ಹಣ ಕಟ್ಟುವ ಮೊದಲು ಅಂಗಡಿಗೆ ನಾಲ್ಕು ಪ್ರಶ್ನೆ ಬರೆದು ಕಳಿಸಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ತಳಿಯ ಹೆಸರೇನು? ಕಣ್ಣು ಎಷ್ಟು? ಯಾವ ತಿಂಗಳು ಅಗೆದದ್ದು, ಆಮೇಲೆ ತಂಪು ಕೋಣೆಯಲ್ಲಿತ್ತೇ? ಯಾವ ದೇಶದ್ದು? ಆನ್‌ಲೈನ್ ಮಾರಾಟದಲ್ಲಿ ಆಮದು ಸರಕಿನ ಮೂಲ ದೇಶ ತಿಳಿಸಬೇಕೆಂದು 2020ರ ಇ-ಕಾಮರ್ಸ್ ನಿಯಮವೇ ಹೇಳುತ್ತದೆ. ಹೊರದೇಶದ ಜಾಲತಾಣದಿಂದ ನೀವೇ ನೇರವಾಗಿ ತರಿಸುವುದು ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಗಡ್ಡೆಗೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಪೊಟ್ಟಣ ದಾರಿಯಲ್ಲೇ ಜಪ್ತಿಯಾಗಬಹುದು. ‘ಜೀವಂತ ಗಿಡಕ್ಕೆ ವಾಪಸಿಲ್ಲ’ ಎಂದು ಅಂಗಡಿ ಬರೆದಿದ್ದರೂ, ಪಿಯೋನಿ ಎಂದು ಬೇರೆ ಗಡ್ಡೆ ಕಳಿಸಿದರೆ ಆ ಮಾತು ನಡೆಯುವುದಿಲ್ಲ. ವಿಡಿಯೊ, ಬಿಲ್ಲು, ನಾಲ್ಕು ಉತ್ತರ ಮುಂದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.